ಗಿರಣಿ ನಿಂತಾಗ ಕೇಳುವ ಕಿವಿ

ನಮ್ಮ ಮನೆಯಲ್ಲಿ ಭಾವನವರ ಮೊಣಕಾಲಿನ ಬಗ್ಗೆ ಮಾತಾಡಬಹುದಿತ್ತು. ಅವರ ಸಕ್ಕರೆ ಕಾಯಿಲೆಯ ಬಗ್ಗೆಯಂತೂ ಊಟಕ್ಕೆ ಕೂತಾಗಲೆಲ್ಲ ಒಂದು ಸಭೆಯೇ ನಡೆಯುತ್ತಿತ್ತು. ಕಿವಿಯ ಮಾತು ಬಂದರೆ ಮಾತ್ರ ಎಲ್ಲರ ಬಾಯಿಗೂ ಬೀಗ. ಆ ಬೀಗ ಕಂಡರೆ ನನಗೆ ಮೈ ಉರಿಯುತ್ತಿತ್ತು, ಯಾಕೆಂದರೆ ನನ್ನ ಗಂಡ ಮಾಂತುವಿನ ಬಲಗೈ ಆ ಕಿವಿಯನ್ನೇ ನಂಬಿಕೊಂಡಿತ್ತು.

ಗಿರಣಿ ನಮ್ಮದು ಮರಾಠಿ ಸೀಮೆಯ ಚಿಂಚವಾಡದಲ್ಲಿ, ಕಾರ್ಖಾನೆ ಕೆಲಸಗಾರರ ಕಾಲನಿಗಳ ನಡುವೆ. ಮಾವನವರು ಗೋಕಾಕದ ಕಡೆಯಿಂದ ಬಂದು ಹಾಕಿದ್ದು. ಈಗ ಅಣ್ಣ ಸಿದ್ರಾಮಪ್ಪ, ಅಂದರೆ ನಮ್ಮ ಭಾವ, ತಮ್ಮ ಮಾಂತು ಇಬ್ಬರೂ ಸೇರಿ ನಡೆಸುತ್ತಾರೆ. ಒಂದು ಬದಿಗೆ ಹಿಟ್ಟಿನ ಗಿರಣಿ. ಇನ್ನೊಂದು ಬದಿಗೆ ಖಾರ, ಮಸಾಲೆ, ಅರಿಷಿಣ ಕುಟ್ಟುವ ಮಷೀನು: ನೆಲದಲ್ಲಿ ಹೂತ ಕಬ್ಬಿಣದ ಒರಳುಗಳು, ಅವುಗಳೊಳಗೆ ಸರದಿಯಂತೆ ಎದ್ದು ಬೀಳುವ ಕಬ್ಬಿಣದ ಒನಕೆಗಳು. ಕುಟ್ಟಿದ್ದು ತಳದಲ್ಲಿ ಗಟ್ಟಿಯಾಗಿ ಕೂತರೆ ಮಷೀನು ನಿಲ್ಲಿಸಿ, ಒರಳಿಗೆ ಕೈ ಹಾಕಿ ಕೆದರಬೇಕು. ಅದು ಮಾಂತುವಿನ ಕೆಲಸ. ಸ್ವಿಚ್ಚು ಹಿಂದಿನ ಗೋಡೆಯ ಮೇಲಿದೆ, ಅದು ಭಾವನವರ ಕೆಲಸ. ಮಾಂತು ಕೈ ಹೊರಗೆ ತೆಗೆದು, ಹಿಂದಕ್ಕೆ ಮುಖ ಮಾಡಿ, "ಆತು ಅಣ್ಣಾ" ಎಂದು ಕೂಗಬೇಕು. ಆಮೇಲೆ ಭಾವ ಸ್ವಿಚ್ಚು ಒತ್ತಬೇಕು. ಈ ನಡುವೆ ಹಿಟ್ಟಿನ ಗಿರಣಿ ನಿಲ್ಲುವುದಿಲ್ಲ, ತನ್ನ ಪಾಡಿಗೆ ಗರಗರ ಎನ್ನುತ್ತಲೇ ಇರುತ್ತದೆ. ಅದರ ಪಕ್ಕದಲ್ಲಿ ನಿಂತರೆ ನಮ್ಮ ಮಾತು ನಮಗೇ ಕೇಳಿಸದು.

ಮೊದಲು ಭಾವನವರೇ ಒರಳಿಗೆ ಕೂರುತ್ತಿದ್ದರಂತೆ. ಮೊಣಕಾಲು ಕೈಕೊಟ್ಟ ಮೇಲೆ ತಮ್ಮನನ್ನು ಅಲ್ಲಿ ಕೂರಿಸಿ ತಾವು ಸ್ವಿಚ್ಚಿಗೆ ಸರಿದರು. ಇನ್ನು ಅಲ್ಲಿಂದಲೂ ಸರಿ ಎಂದರೆ ಮನೆಯ ಹಿರಿಯನನ್ನು ಎಲ್ಲಿ ಕೂರಿಸುವುದು, ಟಿವಿ ಮುಂದೆಯೇ?

ಇನ್ನು ನಾನು ಶೈಲಾ, ತಕ್ಕಡಿಯವಳು. ಡಬ್ಬಿ ತೂಗುವುದು, ಚೀಟಿ ಅಂಟಿಸುವುದು, ಗಿರಾಕಿಗಳ ಜೊತೆ ಮರಾಠಿಯಲ್ಲಿ ಜಗಳಾಡುವುದು ನನ್ನ ಪಾಲಿನ ಕೆಲಸ. ನನ್ನ ದನಿ ಕಾಲನಿಯ ಗೇಟಿನ ತನಕ ಹೋಗುತ್ತದೆ ಎಂದು ಮಾಂತುವೇ ಆಡಿಕೊಳ್ಳುತ್ತಾನೆ. ಭಾವನವರೆದುರು ಮಾತ್ರ ನಾನು ಬೇರೆಯೇ ಹೆಂಗಸು. ತಲೆ ಮೇಲೆ ಸೆರಗೋ ಓಢಣಿಯೋ, ಮುಖ ಓರೆ, ದನಿ ಗಂಟಲಿನ ಕೆಳಗೆ. ನಮ್ಮ ಕಡೆ ತಮ್ಮನ ಹೆಂಡತಿ ಭಾವನ ಮುಖಕ್ಕೆ ಮುಖ ಕೊಟ್ಟು ಮಾತಾಡುವುದಿಲ್ಲ. ಅವರಿಗೆ ಚಹ ಬೇಕೇ ಎಂದು ಕೇಳಬೇಕಾದರೂ ಗೋಡೆಗೆ ಕೇಳಬೇಕು, ಇಲ್ಲವೇ ಅವರ ಹೆಂಡತಿ ರುದ್ರವ್ವ ಅಕ್ಕನಿಗೆ ಕೇಳಬೇಕು. ಮದುವೆಯಾಗಿ ಬಂದಾಗ ಇದು ನನಗೆ ನಗೆಯ ವಿಷಯವಾಗಿತ್ತು. ಆಮೇಲೆ ರೂಢಿಯಾಯಿತು.

ಶ್ರಾವಣದಲ್ಲಿ ಅರಿಷಿಣ ಕುಟ್ಟುವಾಗ ಮಾಂತು ಇನ್ನೂ ಕೈ ತೆಗೆಯುತ್ತಿದ್ದ, ಒನಕೆ ಇಳಿಯಿತು. ತಪ್ಪಿಸಿಕೊಂಡ. ತೋರುಬೆರಳಿನ ಉಗುರು ಮಾತ್ರ ಕಪ್ಪಾಗಿ ಉದುರಿತು. ಭಾವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮಾಂತು ಎಲ್ಲರಿಗೂ "ನಂದ ತಪ್ಪು, ನಾನ ಅವಸರ ಮಾಡ್ದೆ" ಎಂದು ಹೇಳಿಕೊಂಡು ತಿರುಗಿದ. ಅವಸರ ಮಾಡಿದವನ ಕೈ ಬೇಗ ಹೊರಗೆ ಬರಬೇಕಲ್ಲ, ಒಳಗೆ ಹೇಗೆ ಉಳಿಯಿತು ಎಂದು ನಾನು ಕೇಳಿದೆ. ಅವನು ನನಗೆ ಬೆನ್ನು ಹಾಕಿ ಮಲಗಿದ.

ನಾನು ಅಕ್ಕನನ್ನು ಹಿಡಿದೆ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವಾಗೆಲ್ಲ ಅದೇ ಮಾತು. ಕಡೆಗೆ ಬೇಸತ್ತು ಒಪ್ಪಿದಳು.

"ಕಿವಿ ತೋರಸೂಣು. ಆದ್ರ ಚಿಂಚವಾಡದಾಗ ಬ್ಯಾಡ," ಎಂದಳು. "ಶಿವಾನಿಗೆ ಬೈಲಹೊಂಗಲದವರು ಬಂದು ನೋಡಿ ಹೋಗ್ಯಾರ. ಮನಿತನದಾಗ ಯಾರಿಗೂ ಏನೂ ಇಲ್ಲಲ್ರಿ ಅಂತ ಎರಡ ಸಲ ಕೇಳ್ಯಾರ. ಕಿವುಡರ ಮನಿ ಅಂತ ಹೆಸರ ಬಿತ್ತಂದ್ರ ಮುಗೀತು."

ಶಿವಾನಿ ಅವರ ಒಬ್ಬಳೇ ಮಗಳು. ನಾನು ಎತ್ತಿ ಆಡಿಸಿದ ಹುಡುಗಿ. ಹೀಗಾಗಿ ಊರ ಇನ್ನೊಂದು ತುದಿಗೆ, ಕೋಥರೂಡಿಗೆ ಹೋದೆವು. ಭಾವ, ಅಕ್ಕ, ನಾನು. ದಾರಿಯುದ್ದಕ್ಕೂ ಭಾವ ರಿಕ್ಷಾದವನ ಜೊತೆ ಒಂದು ಮಾತೂ ಆಡಲಿಲ್ಲ. ಅವನು ಹಿಂದಿರುಗಿ ನೋಡದೆ ಏನೋ ಕೇಳುತ್ತಿದ್ದ, ಭಾವ ಹೊರಗೆ ನೋಡುತ್ತಿದ್ದರು.

ಕಿವಿ ತಪಾಸಣೆ ಮಾಡುವ ಹುಡುಗಿಯ ಹೆಸರು ಕೇತಕಿ. ಚಿಕ್ಕ ವಯಸ್ಸು, ದೊಡ್ಡ ತಾಳ್ಮೆ. ದಪ್ಪ ಬಾಗಿಲಿನ, ಗಾಜಿನ ಕಿಟಕಿಯ ಒಂದು ಕೋಣೆಯಲ್ಲಿ ಭಾವನವರನ್ನು ಕೂರಿಸಿ ಕಿವಿಗೆ ಹೆಡ್‌ಫೋನು ಹಾಕಿದಳು. ಆ ಕೋಣೆಯಲ್ಲಿ ಸದ್ದೆಂಬುದೇ ಇಲ್ಲ. ಪಿಂಯ್ ಎಂದು ಸಣ್ಣ ದನಿ ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಭಾವ ಶಾಲೆಯ ಹುಡುಗನ ಹಾಗೆ ನೆಟ್ಟಗೆ ಕೂತು ಒತ್ತಿದರು. ಕೇತಕಿ ಗೆರೆ ಎಳೆದು ತೋರಿಸಿದಳು: ತೆಳ್ಳನೆಯ ದನಿಗಳು ಸ್ವಲ್ಪ ಕಡಿಮೆ, ಉಳಿದದ್ದು ಪರವಾಗಿಲ್ಲ. ಆಮೇಲೆ ಅದೇ ಕೋಣೆಯಲ್ಲಿ ಒಂದೊಂದೇ ಶಬ್ದ ಹೇಳಿಸಿದಳು. ಎಲ್ಲವನ್ನೂ ಸರಿಯಾಗಿ ಹೇಳಿದರು. ಅಕ್ಕ ನನ್ನ ತೊಡೆ ಚಿವುಟಿ, "ನೋಡಿದ್ಯಾ?" ಎಂದಳು.

"ಇನ್ನೊಂದು ಇದೆ ಕಾಕಾ," ಎಂದು ಕೇತಕಿ ಮರಾಠಿಯಲ್ಲಿ ಹೇಳಿದಳು. "ಈಗ ಹಿಂದೆ ಮಂದಿ ಗದ್ದಲ ಮಾಡುತ್ತಿರುತ್ತಾರೆ, ಮುಂದೆ ಒಬ್ಬರು ಮಾತಾಡುತ್ತಾರೆ. ಆ ಒಬ್ಬರು ಹೇಳಿದ್ದನ್ನು ಮಾತ್ರ ತಿರುಗಿ ಹೇಳಿ."

ಮೊದಲ ವಾಕ್ಯ ಹೇಳಿದರು. ಗದ್ದಲ ಕೊಂಚ ಏರಿತು. ಅರ್ಧ ಹೇಳಿದರು. ಇನ್ನೂ ಕೊಂಚ ಏರಿತು. ಆಗ ಭಾವ ಗಾಜಿನ ಆಚೆಯಿಂದ ಕೇತಕಿಯ ಮುಖವನ್ನು ನೋಡತೊಡಗಿದರು. ಅವಳು ತಲೆ ತಗ್ಗಿಸಿ ಗುಂಡಿ ತಿರುಗಿಸುತ್ತಿದ್ದಳು. ಹೊರಗಿದ್ದ ಸ್ಪೀಕರಿನಲ್ಲಿ ನಮಗೂ ಆ ವಾಕ್ಯಗಳು ಕೇಳುತ್ತಿದ್ದವು, ಗದ್ದಲದ ನಡುವೆಯೂ ಸ್ಪಷ್ಟವಾಗಿ: ಅಂಗಳದಲ್ಲಿ ಆಕಳು ನಿಂತಿದೆ, ನಾಳೆ ಮಾಮಾ ಬರುತ್ತಾನೆ. ಭಾವ ಬಾಯಿ ತೆರೆದು ಮುಚ್ಚಿದರು. ಒಮ್ಮೆ ನಕ್ಕರು. ಕಡೆಕಡೆಗೆ ಸುಮ್ಮನೆ ತಲೆಯಾಡಿಸುತ್ತ ಕೂತರು. ನನಗೆ ಅವರ ಮೇಲೆ ಇದ್ದ ಸಿಟ್ಟೆಲ್ಲ ಇಳಿದು ಹೋಗಿ, ಅದರ ಜಾಗಕ್ಕೆ ಹೆದರಿಕೆ ಬಂದು ಕೂತಿತು.

ಕೇತಕಿ ಎದುರು ಕೂತು ನಿಧಾನವಾಗಿ ಹೇಳಿದಳು. ಮೊದಲಿನ ಪರೀಕ್ಷೆ, ಕಿವಿಗೆ ಎಷ್ಟು ಸಣ್ಣ ದನಿ ಮುಟ್ಟುತ್ತದೆ ಎಂಬುದನ್ನು ಹೇಳುತ್ತದೆ. ಗದ್ದಲದೊಳಗಿನಿಂದ ಮಾತನ್ನು ಹೆಕ್ಕಿ ತೆಗೆಯಲು ಆಗುತ್ತದೆಯೋ ಇಲ್ಲವೋ ಎಂಬುದನ್ನು ಅದು ಹೇಳುವುದಿಲ್ಲ. ಗೆರೆ ಒಂದೇ ಥರ ಇರುವ ಇಬ್ಬರಲ್ಲಿ ಒಬ್ಬ ಸಂತೆಯಲ್ಲೂ ಮಾತಾಡುತ್ತಾನೆ, ಇನ್ನೊಬ್ಬನಿಗೆ ಸಂತೆ ಬರೀ ಸದ್ದು. ವರ್ಷಗಟ್ಟಲೆ ಮಷೀನಿನ ಪಕ್ಕ ನಿಂತವರಿಗೆ ಹೀಗಾಗುತ್ತದೆ. ಕಿವಿಗೆ ಯಂತ್ರ ಹಾಕಿಕೊಂಡರೆ ಮನೆಯಲ್ಲಿ ಅನುಕೂಲ, ಗದ್ದಲದಲ್ಲಿ ಅದನ್ನು ಪೂರ್ತಿ ನಂಬುವ ಹಾಗಿಲ್ಲ.

"ಕಾಕಾ ಎಲ್ಲಿ ಕೆಲಸ ಮಾಡುತ್ತಾರೆ?" ಎಂದು ಆಮೇಲೆ ಕೇಳಿದಳು. ನಾನು ಹೇಳಿದೆ. ಒರಳು, ಕೈ, ಸ್ವಿಚ್ಚು ಎಲ್ಲವನ್ನೂ ಹೇಳಿದೆ. ಅವಳು ಪೆನ್ನು ಕೆಳಗಿಟ್ಟಳು. "ಕೂಗನ್ನು ನಂಬಿ ಸ್ವಿಚ್ಚು ಒತ್ತುವುದು ಬೇಡ. ದೀಪ ಹಾಕಿ, ಹಗ್ಗ ಕಟ್ಟಿ, ಏನಾದರೂ ಮಾಡಿ. ಕೈ ಹಾಕುವವನ ಹತ್ತಿರವೇ ಸ್ವಿಚ್ಚು ಇದ್ದರೆ ಎಲ್ಲಕ್ಕಿಂತ ಒಳ್ಳೆಯದು."

ಭಾವನವರಿಗೆ ಅಷ್ಟು ಹೊತ್ತಿಗೆ ಒಂದು ಗಟ್ಟಿ ಕಾರಣ ಸಿಕ್ಕಿತ್ತು. "ಅದೆಲ್ಲಾ ಮರಾಠಿ ಇತ್ತಲ್ಲಾ," ಎಂದು ಅಕ್ಕನಿಗೆ ಹೇಳಿದರು. "ನಾವು ಕನ್ನಡದ ಮಂದಿ. ಗದ್ಲದಾಗ ಮರಾಠಿ ಹ್ಯಾಂಗ ತಿಳೀಬೇಕು? ಕನ್ನಡದಾಗ ಕೇಳ್ಲಿ, ಎಲ್ಲಾ ಹೇಳ್ತೇನಿ."

ಮೂವತ್ತು ವರ್ಷ ಮರಾಠಿಯಲ್ಲೇ ಹಿಟ್ಟು ಬೀಸಿದ ಮನುಷ್ಯ! ಆದರೆ ಅಕ್ಕನ ಮುಖ ಆ ಮಾತಿಗೆ ಅರಳಿಬಿಟ್ಟಿತು. ಕೇತಕಿಯ ಬಳಿ ಕನ್ನಡದ ವಾಕ್ಯಗಳಿರಲಿಲ್ಲ. ನಿಮ್ಮಲ್ಲೇ ಒಬ್ಬರು ಹೇಳಿ ನೋಡಿ, ಬಾಯಿ ಕಾಣದ ಹಾಗೆ ಈ ಕಾಗದ ಅಡ್ಡ ಹಿಡಿಯಿರಿ ಎಂದಳು. ನನ್ನ ಕಡೆ ನೋಡಿದಳು. ನಾನು ಅಕ್ಕನ ಕಡೆ ನೋಡಿದೆ. ಭಾವನವರೆದುರು ಕೂತು ನಾನು ಮಾತಾಡುವುದೆಂದರೇನು? ಅಕ್ಕನೇ ಹೋದಳು. ಗದ್ದಲ ಹಾಕಿದ ಕೂಡಲೇ ಅವಳಿಗೆ ಕಾಗದ ಮರೆತುಹೋಯಿತು, ಅದು ಎದೆಗೆ ಇಳಿಯಿತು. ಕೈ ಬಾಯಿ ತಿರುಗಿಸುತ್ತ, "ರಾತ್ರಿಗೆ ಏನ ಅಡಿಗಿ ಮಾಡ್ಲಿ? ಗುಳಿಗಿ ತಗೊಂಡ್ರೇನು?" ಎಂದು ಮನೆಯಲ್ಲಿ ದಿನವೂ ಕೇಳುವುದನ್ನೇ ಕೇಳಿದಳು. ಭಾವ ಪಟಪಟ ಉತ್ತರ ಕೊಟ್ಟರು.

"ಇದು ಪರೀಕ್ಷೆಯಲ್ಲ," ಎಂದಳು ಕೇತಕಿ. ಅವಳ ಮಾತನ್ನು ಕೇಳಿಸಿಕೊಳ್ಳಲು ಅಲ್ಲಿ ಯಾರಿಗೂ ಪುರಸೊತ್ತಿರಲಿಲ್ಲ. ಮರಾಠಿ ಎಂಬ ನೆಪ ಸಿಕ್ಕಿ ಇಡೀ ಮನೆತನ ನಿಟ್ಟುಸಿರು ಬಿಟ್ಟಿತ್ತು. ಅಕ್ಕ ದಾರಿಯಲ್ಲಿ ಪೇಢೆ ಕೊಂಡಳು.

ಮಾಂತು ಅದಕ್ಕೂ ಒಂದು ಹೆಜ್ಜೆ ಮುಂದೆ ಹೋದ. ಮರುದಿನ ಗಿರಣಿಯಲ್ಲಿ ಎರಡೂ ಮಷೀನು ಹಚ್ಚಿಸಿ, "ಆ ಡಾಕ್ಟರಬಾಯಿ ಇಲ್ಲಿ ಬಂದು ನೋಡ್ಬೇಕಿತ್ತು" ಎನ್ನುತ್ತ ಅಣ್ಣನೆದುರು ನಿಂತು ಏನೇನೋ ಹೇಳಿದ. ಭಾವ ಎಲ್ಲವನ್ನೂ ತಿರುಗಿ ಹೇಳಿದರು. ಅಕ್ಕ ಹೇಳಿದಳು, ಅದನ್ನೂ ಹೇಳಿದರು. ಡಬ್ಬಿ ಇಡಲು ಬಂದಿದ್ದ ಗಿರಾಕಿ ಗೋದಾಬಾಯಿ ಸಹ ಮರಾಠಿಯಲ್ಲಿ ಒಂದು ಮಾತು ಎಸೆದಳು, ಅದಕ್ಕೂ ನಗುತ್ತ ಉತ್ತರ ಬಂತು. ಎಲ್ಲರಿಗೂ ಹಿಗ್ಗು. ನನ್ನನ್ನು ಹೇಳು ಎಂದು ಯಾರೂ ಕರೆಯಲಿಲ್ಲ. ಕರೆಯುವುದು ಅವರ ತಲೆಗೇ ಹೊಳೆಯಲಿಲ್ಲ.

ಆ ಹಿಗ್ಗಿನ ನಡುವೆ ನಿಂತು ನಾನು ಭಾವನವರ ಕಣ್ಣುಗಳನ್ನು ನೋಡಿದೆ. ಅವು ಯಾರ ಕಣ್ಣನ್ನೂ ನೋಡುತ್ತಿರಲಿಲ್ಲ. ತುಟಿಯನ್ನು ನೋಡುತ್ತಿದ್ದವು. ಆಗ ನನಗೆ ಒಂದೊಂದಾಗಿ ನೆನಪಾಗತೊಡಗಿತು. ಕೊರೋನಾ ಕಾಲದಲ್ಲಿ ಎಲ್ಲರೂ ಮಾಸ್ಕು ಹಾಕಿದ್ದಾಗ ಭಾವ ದಿನವೂ ಗಿರಾಕಿಗಳ ಮೇಲೆ ರೇಗುತ್ತಿದ್ದರು, ಜೋಳ ಎಂದರೆ ಗೋದಿ ಹಾಕುತ್ತಿದ್ದರು, ಮಂದಿ ಬಾಯೊಳಗೇ ಮಾತಾಡುತ್ತಾರೆ ಎನ್ನುತ್ತಿದ್ದರು. ಮತ್ತೆ ನಾನು. ಇಷ್ಟು ವರ್ಷಗಳಲ್ಲಿ ಗಿರಣಿಯಲ್ಲಿ ನಾನು ಹೇಳಿದ ಒಂದು ಮಾತೂ ಅವರಿಗೆ ತಿಳಿದಿರಲಿಲ್ಲ. ಮರ್ಯಾದೆಯ ಹೆಣ್ಣು, ದನಿ ಸಣ್ಣದು ಎಂದು ಎಲ್ಲರೂ ಅಂದುಕೊಂಡಿದ್ದರು. ದನಿಯ ಮಾತೇ ಅಲ್ಲ ಅದು. ಅವರು ನನ್ನ ಬಾಯನ್ನು ಎಂದೂ ನೋಡಿರಲಿಲ್ಲ.

ಅಂದು ಸಂಜೆ ಮಾಂತುವಿಗೆ ಹೇಳಿದೆ. "ನಾಳೆ ಬಾಯಿ ಮುಚ್ಚಿಕೊಂಡು ಕರೀರಿ ಅವರ್ನ. ಒಮ್ಮೆ ಕರದು ನೋಡ್ರಿ."

"ಅಣ್ಣನ್ನ ಎಷ್ಟು ಸಲ ಪರೀಕ್ಷಾ ಮಾಡೂದು?" ಎಂದ. "ನನ್ನ ಕೈ ಹಿಡದು ಕೆಲಸಾ ಕಲಿಸ್ಯಾನ ಅಂವ."

"ಹಂಗಾದ್ರ ಸ್ವಿಚ್ ನಿಮ್ಮ ಹತ್ರ ಹಾಕಸ್ಕೋರಿ."

"ಸ್ವಿಚ್ ಅಣ್ಣನ ಕೆಲಸ," ಎಂದ ಮಾಂತು. "ಅದನ್ನೂ ಕಸ್ಗೊಂಡ್ರ ಅಂವ ಗಿರಣಿಗೆ ಯಾಕ ಬರ್ಬೇಕು?" ಅವನಿಗೆ ಸಿಟ್ಟು ಬಂದಿರಲಿಲ್ಲ, ನೋವಾಗಿತ್ತು. ಸಿಟ್ಟಾಗಿದ್ದರೆ ನಾನೂ ಕೂಗಾಡಿ ಗೆಲ್ಲುತ್ತಿದ್ದೆ.

ಹೋಳಿ ಮುಗಿದ ಮೇಲೆ ಖಾರದ ಸುಗ್ಗಿ ಶುರುವಾಯಿತು. ಇಡೀ ಕಾಲನಿ ವರ್ಷದ ಖಾರ ಕುಟ್ಟಿಸುವ ಕಾಲ ಅದು. ಬ್ಯಾಡಗಿ, ಸಂಕೇಶ್ವರಿ, ಹುರಿದ ಮಸಾಲೆ. ಬಾಗಿಲಿನಿಂದ ರಸ್ತೆಯವರೆಗೆ ಡಬ್ಬಿಗಳ ಸಾಲು. ಮೆಣಸಿನಕಾಯಿ ಒರಳಿಗೆ ಬಿದ್ದ ದಿನ ಗಿರಣಿಯಲ್ಲಿ ಬರಿ ಮೂಗಿನಲ್ಲಿ ನಿಲ್ಲುವುದು ಯಾರಿಂದಲೂ ಆಗದು. ಪ್ರತಿ ವರ್ಷದ ಹಾಗೆ ಎಲ್ಲರೂ ಕಣ್ಣಿನ ಕೆಳಗಿನಿಂದ ಗದ್ದದವರೆಗೆ ಬಟ್ಟೆ ಕಟ್ಟಿಕೊಂಡರು. ಮಾಂತು ಕಟ್ಟಿದ, ಅಕ್ಕ ಕಟ್ಟಿದಳು, ನಾನು ಕಟ್ಟಿದೆ. ಗಿರಾಕಿಗಳೂ ಸೆರಗಿನಿಂದ ಬಾಯಿ ಮುಚ್ಚಿ ನಿಂತರು. ಭಾವ ಒಂದು ಗಳಿಗೆ ನಮ್ಮೆಲ್ಲರ ಕಡೆ ನೋಡಿದರು. ನೀರು ಬತ್ತಿದ ಬಾವಿಯನ್ನು ಬಗ್ಗಿ ನೋಡುವವರ ಹಾಗಿತ್ತು ಆ ನೋಟ. ಆಮೇಲೆ ಅವರೂ ಬಟ್ಟೆ ಕಟ್ಟಿಕೊಂಡು ಸ್ವಿಚ್ಚಿನ ಬಳಿ ಹೋದರು.

ಏನೂ ಆಗಲಿಲ್ಲ. ಮೊದಲ ವಾರ ಏನೂ ಆಗಲಿಲ್ಲ ಎಂಬುದೇ ನನ್ನ ನಿದ್ದೆ ಕೆಡಿಸಿತು. ತಕ್ಕಡಿಯ ಮುಂದೆ ನಿಂತು ನಾನು ಅವರನ್ನೇ ಕಾಯುತ್ತಿದ್ದೆ. ಅವರು ಹೇಗೆ ನಡೆಸಿಕೊಂಡು ಹೋಗುತ್ತಿದ್ದಾರೆಂದು ನನಗೆ ಬೇಗನೆ ತಿಳಿಯಿತು. ಮಾಂತು "ಆತು" ಎಂದು ಕೂಗುತ್ತಿದ್ದ. ಭಾವ ಕೂಗಿಗೆ ಕಾಯುತ್ತಿರಲಿಲ್ಲ. ಅವನ ಬೆನ್ನಿಗೆ ಕಾಯುತ್ತಿದ್ದರು. ಬಗ್ಗಿದ ಬೆನ್ನು ನೆಟ್ಟಗಾದರೆ ಕೈ ಹೊರಗೆ ಬಂದಿದೆ ಎಂದು ಲೆಕ್ಕ. ಬೆನ್ನು ನೆಟ್ಟಗಾದ ಕೂಡಲೇ ಗೋಡೆಗೆ ತಿರುಗಿ ಸ್ವಿಚ್ಚು ಒತ್ತುತ್ತಿದ್ದರು. ಎಷ್ಟು ಸರಿಯಾಗಿ ಹೊಂದುತ್ತಿತ್ತೆಂದರೆ, ಗೊತ್ತಿಲ್ಲದವರು ನೋಡಿದರೆ ಅಣ್ಣತಮ್ಮಂದಿರ ಹೊಂದಾಣಿಕೆಗೆ ದೃಷ್ಟಿ ತೆಗೆಯಬೇಕು.

ಅಕ್ಕನಿಗೆ ಹೇಳಿದೆ. "ಶಿವಾನಿದು ಮುಗೀಲಿ, ಆಮ್ಯಾಲೆ ನೋಡೂಣು," ಎಂದಳು. ಶಿವಾನಿಗೆ ಹೇಳೋಣವೆಂದುಕೊಂಡೆ, ಹುಡುಗಿ ಹೊಸ ಸೀರೆಯ ಕುಚ್ಚು ಕಟ್ಟಿಸುವ ಸಂಭ್ರಮದಲ್ಲಿದ್ದಳು, ನನಗೆ ಬಾಯಿ ಬರಲಿಲ್ಲ. ಮಾಂತು ದಿನವೂ ಒರಳಿಗೆ ಕೈ ಹಾಕುತ್ತಿದ್ದ. ಪ್ರತಿ ಸಲವೂ ಹೊರಗೆ ಬಂದ ಕೈಯ ಬೆರಳುಗಳನ್ನು ನಾನು ದೂರದಿಂದಲೇ ನೋಡಿ ಉಸಿರು ಬಿಡುತ್ತಿದ್ದೆ.

ಅಂದು ಗೋದಾಬಾಯಿಯ ಖಾರ ಒರಳಿನಲ್ಲಿತ್ತು. ಅವಳು ತನ್ನ ಸರದಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವವಳು, ಕಟ್ಟೆಯ ಮೇಲೇ ಕೂತಿದ್ದಳು. ಮಷೀನು ನಿಂತಿತು. ಮಾಂತು ಬಗ್ಗಿ ಕೆದರಿದ. ಬೆನ್ನು ನೆಟ್ಟಗಾಯಿತು. ಭಾವ ಗೋಡೆಗೆ ತಿರುಗಿದರು. ಅಷ್ಟರಲ್ಲಿ ಮಾಂತುವಿಗೆ ಒರಳಿನ ತಳದಲ್ಲಿ ಏನೋ ಕಂಡಿರಬೇಕು, ಚೀಲದ ದಾರವೋ ಮೊಳೆಯೋ. "ತಡಿ ಅಣ್ಣಾ" ಎಂದು ಕೂಗಿ ಮತ್ತೆ ಬಗ್ಗಿದ. ಅವನ ತೋಳು ಮೊಣಕೈವರೆಗೆ ಒಳಗೆ ಹೋಯಿತು.

ಭಾವನವರ ಬೆರಳು ಸ್ವಿಚ್ಚಿನ ಕಡೆ ಹೊರಟಿತ್ತು.

"ಭಾವಾರ!" ಎಂದು ಕೂಗಿದೆ. ನನ್ನ ಜನ್ಮದಲ್ಲಿ ಅಷ್ಟು ಜೋರಾಗಿ ಕೂಗಿರಲಿಲ್ಲ. ಬಾಯಿಗೆ ಕಟ್ಟಿದ ಬಟ್ಟೆಯನ್ನೂ ಹಿಟ್ಟಿನ ಗಿರಣಿಯ ಗರಗರವನ್ನೂ ಸೀಳಿಕೊಂಡು ಹೋಯಿತು ನನ್ನ ದನಿ. ಗೋದಾಬಾಯಿ ಕಟ್ಟೆಯಿಂದ ಎದ್ದೇ ಬಿಟ್ಟಳು. ರಸ್ತೆಯಾಚೆ ಇಸ್ತ್ರಿ ಮಾಡುವವನು ಪೆಟ್ಟಿಗೆ ಎತ್ತಿ ಹಿಡಿದು ಈ ಕಡೆ ನೋಡಿದ. ಭಾವ ಮಾತ್ರ ತಿರುಗಲಿಲ್ಲ.

ನಾನು ಹಾರಿ ಹೋಗಿ ಅವರ ಮಣಿಕಟ್ಟು ಹಿಡಿದೆ. ಎರಡೂ ಕೈಯಿಂದ ಹಿಡಿದು ಹಿಂದಕ್ಕೆ ಎಳೆದೆ. ಭಾವ ಬೆಚ್ಚಿ ನನ್ನನ್ನು ನೋಡಿದರು. ತಮ್ಮನ ಹೆಂಡತಿ ತಮ್ಮ ಕೈ ಹಿಡಿದಿದ್ದಾಳೆ ಎಂಬುದು ಮೊದಲು ಅವರ ಕಣ್ಣಿಗೆ ಬಂತು. ಒರಳಿನಲ್ಲಿದ್ದ ಮಾಂತುವಿನ ತೋಳು ಆಮೇಲೆ ಕಾಣಿಸಿತು. ಕೈಯನ್ನು ಸ್ವಿಚ್ಚಿನಿಂದ ಕೆಳಗಿಳಿಸಿದರು.

ಓಢಣಿ ಎಂದೋ ಜಾರಿತ್ತು. ಬಾಯಿಯ ಬಟ್ಟೆಯನ್ನೂ ಕೆಳಗೆ ಜಗ್ಗಿದೆ. ಅವರ ಮುಖಕ್ಕೆ ನೇರ ಮುಖ ಕೊಟ್ಟು ಹೇಳಿದೆ, "ನಿಮಗ ಕೇಳ್ಸೂದಿಲ್ಲ ಭಾವಾರ."

ಅವರು ನನ್ನ ತುಟಿಯನ್ನು ನೋಡಿದರು. ಇಷ್ಟು ವರ್ಷಗಳಲ್ಲಿ ಗಿರಣಿಯೊಳಗೆ ನಾನು ಆಡಿದ ಒಂದು ಮಾತು ಅವರನ್ನು ಮುಟ್ಟಿದ್ದು ಅದೇ ಮೊದಲು. ತಮ್ಮ ಬಾಯಿಯ ಬಟ್ಟೆಯನ್ನು ಕೊಂಚ ಸರಿಸಿ, ನನ್ನ ಕಿವಿಯ ಹತ್ತಿರ ಬಗ್ಗಿದರು.

"ಗೊತ್ತದವಾ," ಎಂದರು. "ಭಾಳ ದಿನದಿಂದ ಗೊತ್ತದ. ಶಿವಾನಿದೊಂದು ಆಗಿಬಿಡ್ಲಿ. ಯಾರಿಗೂ ಹೇಳಬ್ಯಾಡ, ನಿನ್ನ ಕಾಲ ಬೀಳ್ತೇನಿ."

ನಾನು ಕೈ ಮೇಲೆತ್ತಿ ಅದೇ ಗೋಡೆಯ ಮೇಲಿದ್ದ ಮೇನ್ ಸ್ವಿಚ್ಚು ಕೆಳಗೆಳೆದೆ.

ಹಿಟ್ಟಿನ ಗಿರಣಿ ನರಳುತ್ತ ನಿಂತಿತು. ಬೆಲ್ಟು ಇನ್ನೊಂದು ಸುತ್ತು ತಿರುಗಿ ಸುಮ್ಮನಾಯಿತು. ದೂರದ ಲೋಕಲ್ ಗಾಡಿಯ ಸದ್ದು ಒಳಗೆ ಬಂತು. ಮಾಂತು ಒರಳಿನಿಂದ ತಲೆ ಎತ್ತಿ, "ಏನಾತು? ಲೈಟ್ ಹೋತೇನು?" ಎಂದ.

"ನಾ ತೆಗದೇನಿ," ಎಂದೆ. "ಭಾವಾರಿಗೆ ಗದ್ಲದಾಗ ಏನೂ ಕೇಳ್ಸೂದಿಲ್ಲ. ನೀವು ತಡಿ ಅಂದ್ರಿ, ನಾ ಒದರಿದೆ, ಯಾವದೂ ಕೇಳಿಲ್ಲ. ಸ್ವಿಚ್ ಒತ್ತಲಿಕ್ಕೆ ಹೊಂಟಿದ್ರು. ಈಗ ನನ್ನ ಮುಂದ ತಾವ ಒಪ್ಪಿಕೊಂಡಾರ."

ಅಕ್ಕ ಜರಡಿ ಕೆಳಗಿಟ್ಟು ಬಂದಳು. ನಾನು ಹೇಳಿದ್ದು ಅವಳಿಗೆ ಮುಟ್ಟಿತೋ ಇಲ್ಲವೋ, ಓಢಣಿ ಜಾರಿದ ನನ್ನ ತಲೆಯನ್ನೂ ಇನ್ನೂ ಭಾವನವರ ಮಣಿಕಟ್ಟು ಹಿಡಿದಿದ್ದ ನನ್ನ ಕೈಯನ್ನೂ ನೋಡಿದಳು. "ಹಿರ್ಯಾರ ಕೈ ಹಿಡೀತಿ? ಬಿಡು ಮೊದ್ಲ," ಎಂದಳು. ಬಿಟ್ಟೆ. ಗೋದಾಬಾಯಿ, "ಕಾಯ್ ಝಾಲಂ?" ಎಂದು, ಏನಾಯಿತೆಂದು ಕೇಳುತ್ತ, ಬಾಗಿಲಿನಿಂದ ಇಣುಕಿದಳು. ಅವಳಿಗೆ ಕನ್ನಡ ಬಾರದು, ಆದರೆ ಬೈಲಹೊಂಗಲಕ್ಕೆ ಸುದ್ದಿ ಮುಟ್ಟಲು ಕನ್ನಡವೇ ಬೇಕೆಂದಿಲ್ಲ. ಭಾವ ಅವಳ ಕಡೆ ನೋಡಿದರು. ಆಮೇಲೆ ನನ್ನ ಕಡೆ.

ಮಾಂತು ಎದ್ದು ನಿಂತ. ಬಾಯಿಯ ಬಟ್ಟೆ ತೆಗೆಯಲಿಲ್ಲ. ಅಣ್ಣನಿಗೆ ಬೆನ್ನು ಮಾಡಿ, ಕೈಗೆ ಮೆತ್ತಿದ ಖಾರವನ್ನು ಚೀಲಕ್ಕೆ ಒರೆಸಿಕೊಳ್ಳುತ್ತ, ಮೆಲ್ಲಗೆ, ನನಗೇ ಕೇಳಿಸಬೇಕಾದರೆ ಕಿವಿ ಕೊಡಬೇಕು ಅಷ್ಟು ಮೆಲ್ಲಗೆ, "ಅಣ್ಣಾ, ಬೈಲಹೊಂಗಲದವರು ಎಂದು ಬರ್ತಾರ?" ಎಂದು ಕೇಳಿದ.

"ಐತವಾರ," ಎಂದರು ಭಾವ.

"ಎಷ್ಟ ಮಂದಿ?"

"ಆರೇಳು ಮಂದಿ ಅಂದಾರ."

ಮಾಂತು ನನ್ನ ಕಡೆ ತಿರುಗಿದ. "ನೋಡು. ಬಾಯಿಗೆ ಬಟ್ಟಿ ಅದ. ಮಾರಿ ಆಕಡೆ ಅದ. ಮೆಲ್ಲಕ ಕೇಳೇನಿ. ಇನ್ನ ಎಂಥಾ ಪರೀಕ್ಷಾ ಬೇಕು ನಿನಗ?"

"ಗಿರಣಿ ನಿಂತದಲ್ರಿ!" ಎಂದೆ. "ಗಿರಣಿ ನಿಂತಾಗ ಅವರಿಗೆ ಎಲ್ಲಾ ಕೇಳಸ್ತದ. ಅದನ್ನ ಆ ಹುಡುಗಿ ಹೇಳಿದ್ದು. ಗಿರಣಿ ಹಚ್ಚಿ ಕೇಳ್ರಿ, ಹಿಂಗ ಬಾಯಿ ಮುಚ್ಚಿ ಕೇಳ್ರಿ."

"ಸಾಕು," ಎಂದ. ಅಣ್ಣನ ಹತ್ತಿರ ಬಂದು ನಿಂತ. ಅವನ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಕೇಳಿರಲಿಲ್ಲ. "ಅಣ್ಣಾ, ನೀನ ಹೇಳಿಬಿಡು. ಗದ್ಲದಾಗ ನಿನಗ ಕೇಳಸ್ತದೋ ಇಲ್ಲೋ? ಏನ್ ಹೇಳಿದಿ ಇಕಿಗೆ?"

ಒಂದು ಮಾತು ಸಾಕಿತ್ತು. ಆ ಸದ್ದಿಲ್ಲದ ಗಿರಣಿಯಲ್ಲಿ ಪ್ರಶ್ನೆಯ ಒಂದಕ್ಷರವೂ ಅವರಿಗೆ ತಪ್ಪಿರಲಿಲ್ಲ. ನಾನು ಅವರನ್ನೇ ನೋಡುತ್ತಿದ್ದೆ. ಹೇಳ್ರಿ ಭಾವಾರ, ಹೇಳಿಬಿಡ್ರಿ ಎಂದು ಮನಸ್ಸಿನಲ್ಲೇ ಅಂಗಲಾಚುತ್ತಿದ್ದೆ. ಬಾಗಿಲಲ್ಲಿ ಗೋದಾಬಾಯಿ ನಿಂತೇ ಇದ್ದಳು.

"ಎಲ್ಲಾ ಕೇಳಸ್ತದ," ಎಂದರು ಭಾವ. "ನಾ ಏನೂ ಹೇಳಿಲ್ಲ."

ಮಾಂತು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಹೆಂಡತಿ ಹೆದರಿಕೊಂಡು ಏನೇನೋ ಆಡುತ್ತಿದ್ದಾಳೆ ಎಂದು ಕನಿಕರದಿಂದ ನೋಡಿ, ನನ್ನ ತಲೆಯ ಮೇಲೆ ಓಢಣಿ ಸರಿಮಾಡಿದ. ಕೈ ಚಾಚಿ ಮೇನ್ ಸ್ವಿಚ್ಚು ಮೇಲೆತ್ತಿದ. ಹಿಟ್ಟಿನ ಗಿರಣಿ ಗರ್ರೆಂದು ಮತ್ತೆ ಶುರುವಾಯಿತು, ಒನಕೆಗಳು ಭಾವನವರ ಸ್ವಿಚ್ಚಿಗೆ ಕಾದು ನಿಂತವು. ಅಕ್ಕ ಜರಡಿಗೆ ಹೋದಳು, ಗೋದಾಬಾಯಿ ಕಟ್ಟೆಗೆ ಹೋದಳು, ಮಾಂತು ಒರಳಿಗೆ ಹೋದ.

ನಾನು ತಕ್ಕಡಿಗೆ ಹೋಗಲಿಲ್ಲ. ಒರಳಿನ ಒಳಗೆ ಕಾಣುವ ಹಾಗೆ, ಭಾವನವರ ಎದುರಿಗೆ ನಿಂತೆ. ಅವರ ಮೇಲೆ ನನಗೆ ಉಕ್ಕಿ ಬಂದ ಸಿಟ್ಟಿಗೆ ಅವರ ಮುಖಕ್ಕೆ ಉಗಿಯಬೇಕೆನ್ನಿಸಿತ್ತು. ಆದರೆ ಉಗಿಯುವುದಕ್ಕೆ ಪುರಸೊತ್ತೆಲ್ಲಿ? ಬಾಯಿಗೆ ಬಟ್ಟೆಯನ್ನೂ ಕಟ್ಟಲಿಲ್ಲ, ಕಟ್ಟಿದರೆ ನಾನೂ ಅವರ ಪಾಲಿಗೆ ಇಲ್ಲದವಳೇ. ಭಾವ ಅರ್ಥ ಮಾಡಿಕೊಂಡರು. ಬೆನ್ನನ್ನು ಕಾಯುವುದನ್ನು ಬಿಟ್ಟರು. ಬೆರಳನ್ನು ಸ್ವಿಚ್ಚಿನ ಮೇಲೆ ಇಟ್ಟುಕೊಂಡು, ನಾಚಿಕೆ ಬಿಟ್ಟು, ನನ್ನ ತುಟಿಯನ್ನೇ ನೋಡುತ್ತ ನಿಂತರು. ಆತು ಎನ್ನಲು ನಾನು ಬಾಯಿ ತೆರೆಯುವುದಕ್ಕೆ ಅವರು ಕಾಯುತ್ತಿದ್ದರು. ತೆರೆದ ಗಳಿಗೆಯಲ್ಲಿ ಒತ್ತುತ್ತಾರೆ.

ಮಾಂತು ಬಗ್ಗಿದ. ತೋಳು ಒಳಗೆ ಹೋಯಿತು. ಗೋದಾಬಾಯಿಯ ಖಾರ ಕೆಂಪಗೆ ಎದ್ದು ನನ್ನ ಮುಖಕ್ಕೆ ಬಂತು. ಕಣ್ಣು ಉರಿದವು, ಮುಚ್ಚಲಿಲ್ಲ. ಹಲ್ಲು ಕಚ್ಚಿ ಹಿಡಿದೆ, ಉಸಿರು ಹಿಡಿದೆ. ಮಾಂತು ಇನ್ನೂ ಕೆದರುತ್ತಲೇ ಇದ್ದ. ಖಾರ ಮೂಗಿನೊಳಗೆ ಏರಿತು, ನನಗೆ ಸೀನು ಬರತೊಡಗಿತು.